ಸಗಣಿಯಲ್ಲಿ ಜಾತಕ ನೋಡುವ ನಮ್ಮತ್ತಿಗೆ

ನಮ್ಮತ್ತಿಗೆಯಷ್ಟು ಹತ್ತಿರದಿಂದ ಸಗಣಿಯನ್ನು ನೋಡಿದವರು ಇಡೀ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಬೆರಣಿ ತಟ್ಟುವ ಅಜ್ಜಿಯರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡೇ ಈ ಮಾತು ಹೇಳುತ್ತಿದ್ದೇನೆ! ಅಜ್ಜಿಯರು ಸಗಣಿಯನ್ನು ತಟ್ಟುತ್ತಾರೆ, ಒಣಗಿಸುತ್ತಾರೆ, ಒಲೆಗೆ ಹಾಕಿ ಮರೆತುಬಿಡುತ್ತಾರೆ. ನಮ್ಮತ್ತಿಗೆ ಮರೆಯುವವರಲ್ಲ. ಚಿಂತಾಮಣಿ ಎಂದರೆ ನಿಮಗೆ ಟೊಮೆಟೊ ನೆನಪಾಗಬಹುದು, ಶಿಡ್ಲಘಟ್ಟ ಎಂದರೆ ರೇಷ್ಮೆಗೂಡು. ಅತ್ತಿಗೆಯನ್ನು ಕೇಳಿ ನೋಡಿ. "ಚಿಂತಾಮಣಿನಾ? ತೆಳು ಹಳದಿ, ಹುಳಿ ವಾಸನೆ. ಶಿಡ್ಲಘಟ್ಟದ ಕಡೆ ಸ್ವಲ್ಪ ಬಿಳಿಚು" ಎನ್ನುತ್ತಾರೆ, ಅದೂ ಊಟದ ಹೊತ್ತಿನಲ್ಲಿ.

ಅವರು ಪಶುವೈದ್ಯಕೀಯ ಓದಿದವರು. ಆದರೆ ಮದ್ದು ಕೊಡುವ ಡಾಕ್ಟರಲ್ಲ. ಎಳೆಗರುಗಳಿಗೆ ಬರುತ್ತದಲ್ಲ ಭೇದಿ, ಅದನ್ನು ತರುವ ವೈರಸ್ಸುಗಳನ್ನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕುಳಿತು ಓದುತ್ತಾರೆ. ಓದುವುದು ಎಂದರೆ ನಿಜವಾಗಿಯೂ ಓದುವುದೇ. ವೈರಸ್ಸಿನ ಒಳಗಿರುವ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಇದು ಯಾವ ಕುಲದ್ದು, ಎಲ್ಲಿಂದ ಬಂತು, ಯಾರ ಜೊತೆ ಸೇರಿ ಕೆಟ್ಟಿತು ಎಂದು ಪತ್ತೆ ಮಾಡುವುದು. ಅದಕ್ಕೆ ಬೇಕಾದ ಸಗಣಿಯನ್ನು ಮಾತ್ರ ನಮ್ಮ ಜಿಲ್ಲೆಯ ಕೊಟ್ಟಿಗೆಗಳಿಂದಲೇ ತರಬೇಕು. ಸಗಣಿ ತರಬೇಕಾದರೆ ಕರುವಿನ ಬಾಲವನ್ನು ಯಾರಾದರೂ ಎತ್ತಿ ಹಿಡಿಯಬೇಕು. ನಮ್ಮಣ್ಣ ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ ಹಿಡಿದ. ಕರು ತನ್ನ ಅಭಿಪ್ರಾಯವನ್ನು ಅವನ ಅಂಗಿಯ ಮೇಲೆ ವಿವರವಾಗಿ ವ್ಯಕ್ತಪಡಿಸಿತು. ಅಂದಿನಿಂದ ಅವನಿಗೆ ಪ್ರತಿ ಭಾನುವಾರ ಸೊಂಟನೋವು!

ಹಾಗಾಗಿ ಆ ಹುದ್ದೆ ನನ್ನ ಪಾಲಿಗೆ ಬಂತು. ನಾನು ಕನ್ನಡ ಎಂ.ಎ. ಓದಿ ಹೈಸ್ಕೂಲಿನಲ್ಲಿ ಪಾಠ ಹೇಳುವವಳು. ವಾರವೆಲ್ಲ ಮಕ್ಕಳಿಗೆ ಸಂಧಿ ಸಮಾಸ ಹೇಳಿಕೊಟ್ಟು, ಭಾನುವಾರ ಕರುವಿನ ಬಾಲ ಹಿಡಿದು ನಿಲ್ಲುತ್ತೇನೆ. ಎರಡರಲ್ಲಿ ಯಾವುದು ಸುಲಭ ಎಂದು ದಯವಿಟ್ಟು ಕೇಳಬೇಡಿ.

ಮೊದಮೊದಲು ಹಳ್ಳಿಯವರಿಗೆ ನಮ್ಮ ಮೇಲೆ ಅನುಮಾನ. ಗೌರಿಬಿದನೂರಿನ ಹತ್ತಿರ ಒಬ್ಬ ಯಜಮಾನರು ಅತ್ತಿಗೆ ಟ್ಯೂಬಿಗೆ ಸಗಣಿ ತುಂಬುವುದನ್ನು ನೋಡುತ್ತಾ ನಿಂತಿದ್ದರು. ಕೊನೆಗೆ ತಡೆಯಲಾರದೆ ಕೇಳಿದರು:

"ಅಲ್ಲಮ್ಮಾ, ಬೆಂಗಳೂರಲ್ಲಿ ಇಷ್ಟು ಸಗಣಿನೂ ಸಿಗಕಿಲ್ವಾ?"

"ಸಿಗುತ್ತೆ. ಆದರೆ ನಿಮ್ಮ ಕರುದೇ ಬೇಕು. ಇದರೊಳಗಿನ ವೈರಸ್ಸಿನ ಜಾತಕ ನೋಡ್ಬೇಕು."

"ಜಾತಕ ನೋಡಿ?"

"ಯಾರ ಮನೆತನದ್ದು ಅಂತ ಬರೆದಿಡ್ತೀನಿ."

ಯಜಮಾನರು ತಮ್ಮ ಹೆಂಡತಿಯ ಕಡೆ ತಿರುಗಿ, "ಇದೇಮಿ ಕಥಮ್ಮಾ ಇದು! ನಮ್ಮ ಹುಡುಗಂಗೆ ಮೂರು ವರ್ಷದಿಂದ ಜಾತಕ ಕೂಡಿಲ್ಲ, ರೋಗಕ್ಕೆ ಆಗಲೇ ನೋಡ್ತಾವ್ರೆ!" ಎಂದರು.

ಅತ್ತಿಗೆಗೆ ಇಂಥ ಮಾತುಗಳು ತಾಕುವುದಿಲ್ಲ. ಅವರ ಲೋಕದಲ್ಲಿ ಎರಡೇ ಬಗೆಯ ಪ್ರಾಣಿಗಳು, ಭೇದಿ ಆಗುತ್ತಿರುವ ಕರುಗಳು ಮತ್ತು ಉಳಿದವರು. ನಾವು ಉಳಿದವರು.

ನಮ್ಮ ಸಂಬಂಧಿಕರೊಬ್ಬರು ಚಿಂತಾಮಣಿಯಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದರು. ಕನ್ನಡಿಯಂತೆ ಹೊಳೆಯುವ ಬಿಳಿ ಮಾರ್ಬಲ್ ನೆಲ. ಚಪ್ಪಲಿ ಹೋಗಲಿ, ಕಾಲನ್ನೂ ಬಿಚ್ಚಿಟ್ಟು ಬರಬೇಕೇನೋ ಎನ್ನುವಷ್ಟು ಎಚ್ಚರಿಕೆ. ಶಾಸ್ತ್ರದಂತೆ ಮೊದಲು ಹಸು ಕರುವನ್ನು ಒಳಗೆ ಕರೆತಂದರು. ಹಸು ಗಂಭೀರವಾಗಿ ನಡೆದು ಬಂತು. ಕರು ನಡುಮನೆಯ ಮಧ್ಯಕ್ಕೆ ಬಂದು ನಿಂತು, ಬಾಲ ಎತ್ತಿ, ಮಾರ್ಬಲ್ಲಿನ ಮೇಲೆ ಹಳದಿ ನೀರು ಚಿಮ್ಮಿಸಿತು. ಹೆಂಗಸರು ಸೀರೆ ಎತ್ತಿಕೊಂಡು ಹಾರಿದರು. ಮನೆಯ ಯಜಮಾನಿ ಅಳುವುದೊಂದು ಬಾಕಿ. ಪುರೋಹಿತರು ಸಮಯಸ್ಫೂರ್ತಿಯಿಂದ "ಶುಭ, ಶುಭ! ಸಾಕ್ಷಾತ್ ಲಕ್ಷ್ಮಿ!" ಎಂದು ಕೂಗಿದರು. ಅದಕ್ಕಿಂತ ಜೋರಾಗಿ ಹಿಂದಿನಿಂದ ಇನ್ನೊಂದು ದನಿ:

"ಯಾರೂ ಒರೆಸ್ಬೇಡಿ! ತುಳೀಬೇಡಿ!"

ನಮ್ಮತ್ತಿಗೆ! ಜರಿಸೀರೆ ಉಟ್ಟು, ತುಂಬ ಹೂ ಮುಡಿದು, ವ್ಯಾನಿಟಿ ಬ್ಯಾಗಿನಿಂದ ಟ್ಯೂಬು ತೆಗೆಯುತ್ತಾ ಓಡಿ ಬಂದರು. ಉಳಿದ ಹೆಂಗಸರ ಬ್ಯಾಗಿನಲ್ಲಿ ಲಿಪ್‌ಸ್ಟಿಕ್ ಇರುವ ಜಾಗದಲ್ಲಿ ಇವರಿಗೆ ಅದು. ಮಾರ್ಬಲ್ಲಿನ ಮೇಲೆ ಮಂಡಿಯೂರಿ ಭಕ್ತಿಯಿಂದ ತುಂಬಿಕೊಳ್ಳತೊಡಗಿದರು. ಪುರೋಹಿತರಿಗೆ ಸಂತೋಷವಾಗಿ ಹೋಯಿತು. ಈ ಕಾಲದಲ್ಲೂ ಇಷ್ಟು ಶ್ರದ್ಧೆಯೇ!

"ಪಂಚಗವ್ಯಕ್ಕೇನಮ್ಮಾ?"

"ಇಲ್ಲ, ಪಿಸಿಆರ್‌ಗೆ."

ಪುರೋಹಿತರು ಒಂದು ಕ್ಷಣ ಯೋಚಿಸಿದರು. "ಆ ಹೋಮ ನಮ್ಮ ಕಡೆ ರೂಢಿಯಿಲ್ಲ" ಎಂದರು.

ಇನ್ನು ಗಿಣ್ಣಿನ ವಿಷಯ. ನಮ್ಮಮ್ಮನಿಗೆ ಗಿಣ್ಣು ಎಂದರೆ ಪ್ರಾಣ. ಹಸು ಕರು ಹಾಕಿದ ಮನೆಯವರು ಮೊದಲ ಹಾಲನ್ನು ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ, ಅಕ್ಕಪಕ್ಕದವರಿಗೆಲ್ಲ ಹಂಚುವುದು ನಮ್ಮಲ್ಲಿ ವಾಡಿಕೆ ತಾನೆ? ನಮ್ಮ ಬೀದಿಯ ಕೊನೆಯ ಮನೆಯಾಕೆ ಒಂದು ದಿನ ಬಟ್ಟಲಿನ ತುಂಬ ತಂದರು. ಅಮ್ಮ ಕೈ ಚಾಚುವಷ್ಟರಲ್ಲಿ ಅತ್ತಿಗೆ ಅಡ್ಡ ಬಂದರು.

"ಕರು ಹುಟ್ಟಿ ಎಷ್ಟು ಹೊತ್ತಿಗೆ ಗಿಣ್ಣು ಕುಡೀತು?"

ಆಕೆ ತಬ್ಬಿಬ್ಬಾದರು. "ಕುಡೀತು... ಸ್ವಲ್ಪ. ಸತ್ತೆ ಬಿದ್ದ ಮೇಲೆ ಬಿಟ್ವಿ."

"ಹಸುವಿನ ಮಾಸು ಬೀಳೋ ತನಕ ಯಾಕೆ ಕಾಯ್ಬೇಕು? ಹುಟ್ಟಿದ ತಕ್ಷಣ ಕುಡಿಸ್ಬೇಕು! ಅದು ಕರುವಿನ ಮೊದಲನೇ ಲಸಿಕೆ. ಅದರ ಪಾಲನ್ನ ಬೇಯಿಸಿ ಬೀದಿಗೆಲ್ಲಾ ಹಂಚ್ತಾ ಇದ್ದೀರಲ್ಲ, ನಿಮ್ಮ ಮಗುವಿಗೆ ಹಾಕೋ ಇಂಜೆಕ್ಷನ್ನಲ್ಲಿ ಪಾಯಸ ಮಾಡಿ ಹಂಚ್ತೀರಾ?"

ಆಕೆ ಬಟ್ಟಲಿನ ಸಮೇತ ವಾಪಸ್ಸು ಹೋದರು. ಅಮ್ಮ ಆ ಬಟ್ಟಲು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲಿ ನಿಂತು ನೋಡಿದರು. ಅಷ್ಟು ದುಃಖದಿಂದ ಅವರು ನನ್ನನ್ನು ಕಾಲೇಜು ಹಾಸ್ಟೆಲಿಗೂ ಕಳಿಸಿಕೊಟ್ಟಿರಲಿಲ್ಲ! ಈಗ ಬೀದಿಯವರೆಲ್ಲ ಒಳ್ಳೆಯ ಉಪಾಯ ಕಂಡುಕೊಂಡಿದ್ದಾರೆ. ಅತ್ತಿಗೆಯ ಕಾರು ಹೊರಟದ್ದನ್ನು ನೋಡಿಕೊಂಡು ಹಿತ್ತಲ ಬಾಗಿಲಿಗೆ ಗಿಣ್ಣು ಬರುತ್ತದೆ. ಅಮ್ಮ ಎರಡು ಚಮಚ ಬಾಯಿಗೆ ಹಾಕಿಕೊಂಡು, ಆಮೇಲೆ ಪಾಪಭೀತಿಯಿಂದ ಕೇಳುತ್ತಾರೆ: "ಕರುವಿಗೆ ಕುಡಿಸಿದ್ರೇನಮ್ಮಾ?"

ನನ್ನ ಮದುವೆ ಇನ್ನೂ ಆಗದೆ ಇರುವುದಕ್ಕೂ ವೈರಸ್ಸೇ ಕಾರಣ ಎಂದರೆ ನೀವು ನಂಬುವುದಿಲ್ಲ. ಆದರೂ ಕೇಳಿ. ನಮ್ಮ ನಡುಮನೆಯ ಗೋಡೆಯ ಮೇಲೆ ಅತ್ತಿಗೆ ಒಂದು ದೊಡ್ಡ ಚಿತ್ರಪಟ ಅಂಟಿಸಿದ್ದರು. ಮರದ ಆಕಾರ. ಕೊಂಬೆಗಳು, ರೆಂಬೆಗಳು, ಪ್ರತಿ ರೆಂಬೆಯ ತುದಿಯಲ್ಲಿ ಒಂದು ಊರಿನ ಹೆಸರು. ಎಲ್ಲೆಲ್ಲಿಯ ಕರುಗಳಲ್ಲಿ ಸಿಕ್ಕ ವೈರಸ್ಸುಗಳು ಒಂದಕ್ಕೊಂದು ಏನಾಗಬೇಕು ಎಂದು ತೋರಿಸುವ ವಂಶಾವಳಿ. ನನ್ನನ್ನು ನೋಡಲು ಚಿಂತಾಮಣಿಯಿಂದ ಗಂಡಿನ ಕಡೆಯವರು ಬಂದರು. ಹುಡುಗನ ಸೋದರಮಾವ ಮಾತಿಗೆ ಮುಂಚೆ ಆ ಪಟದ ಎದುರು ಹೋಗಿ ನಿಂತರು. ವೈರಸ್ಸಿನಲ್ಲಿ ಯಾರಾದರೂ ಆಸಕ್ತಿ ತೋರಿದರೆ ನಮ್ಮತ್ತಿಗೆಗೆ ಹಿಡಿಸಲಾರದಷ್ಟು ಸಂತೋಷ. ಓಡಿ ಬಂದು ಪಕ್ಕದಲ್ಲಿ ನಿಂತರು.

"ವಂಶಾವಳಿನಾ? ದೊಡ್ಡ ಮನೆತನ" ಎಂದರು ಮಾವ.

"ತುಂಬಾ ದೊಡ್ಡದು. ನೋಡಿ, ಈ ಕೊಂಬೆ ಪೂರ್ತಿ ಚಿಂತಾಮಣಿ."

ಮಾವನ ಮುಖ ಅರಳಿತು. "ಓಹೋ, ನಮ್ಮ ಕಡೆಯವರು!"

"ಹೌದು, ನಿಮ್ಮ ಕಡೆಯವರೇ. ಬಹಳ ಗಟ್ಟಿ. ಇವರು ಶಿಡ್ಲಘಟ್ಟದವರ ಜೊತೆ ಬೆರೆತಿದ್ದಾರೆ, ಇಲ್ಲಿ ನೋಡಿ. ಇವರ ಗುಣ ಅವರಿಗೆ, ಅವರ ಗುಣ ಇವರಿಗೆ."

"ಕೊಟ್ಟು ತಗೊಳ್ಳೋದು ಇದ್ದಿದ್ದೇ ಅಲ್ವೇನಮ್ಮಾ. ಒಳ್ಳೇದಾಯ್ತಲ್ಲ."

"ಎಲ್ಲಿ ಒಳ್ಳೇದಾಯ್ತು? ಬೆರೆತ ಮೇಲೆ ಇನ್ನೂ ಕೆಟ್ರು. ಹೊಕ್ಕ ಮನೆಯಲ್ಲೆಲ್ಲಾ ಭೇದಿ!"

ಉಪ್ಪಿಟ್ಟಿನ ತಟ್ಟೆಗಳು ಕೆಳಗಿಳಿದ ಸದ್ದು ನನಗೆ ಅಡುಗೆಮನೆಯವರೆಗೂ ಕೇಳಿಸಿತು. ಕೊನೆಗೆ ವಿಷಯವೇನೋ ತಿಳಿಯಾಯಿತು, ಆದರೆ ಉಪ್ಪಿಟ್ಟನ್ನು ಮತ್ತೆ ಯಾರೂ ಮುಟ್ಟಲಿಲ್ಲ. ಅವರು ಹೋದ ಮೇಲೆ ಅತ್ತಿಗೆ ನನ್ನನ್ನು ಸಮಾಧಾನಪಡಿಸಿದರು: "ಹೋಗಲಿ ಬಿಡೇ. ಅವರು ಆ ಮರವನ್ನೇ ಸರಿಯಾಗಿ ನೋಡಲಿಲ್ಲ, ನಿನ್ನನ್ನೇನು ನೋಡ್ತಾರೆ?"

ಚುನಾವಣೆಯ ಸಮಯದಲ್ಲಿ ಇನ್ನೊಂದು ಕಥೆ. ಗೌರಿಬಿದನೂರಿನಿಂದ ವಾಪಸ್ಸು ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಐಸ್ ತುಂಬಿದ ಡಬ್ಬಿ, ಅದರಲ್ಲಿ ಅಂದಿನ ಸಂಪಾದನೆ. ಚೆಕ್‌ಪೋಸ್ಟಿನಲ್ಲಿ ಕಾರು ನಿಲ್ಲಿಸಿದರು.

"ಮೇಡಂ, ಮಾದರಿ ನೀತಿ ಸಂಹಿತೆ ಜಾರೀಲಿದೆ. ಡಬ್ಬೀಲಿ ಏನಿದೆ?"

"ಮಾದರಿ."

"ಅದೇ ಮೇಡಂ, ಮಾದರಿ ನೀತಿ ಸಂಹಿತೆ."

"ಅದೇ ಕಣಪ್ಪಾ, ಮಾದರಿ."

ಆತನಿಗೆ ಅನುಮಾನ ಹೆಚ್ಚಿತು. ಡಬ್ಬಿ ಇಳಿಸಿದ. ಮುಚ್ಚಳ ತೆಗೆದು ಸಾಲಾಗಿ ಜೋಡಿಸಿದ್ದ ಟ್ಯೂಬುಗಳನ್ನು ಕಂಡು, "ಇದನ್ನ ಯಾರಿಗೆ ಹಂಚಕ್ಕೆ ತಗೊಂಡು ಹೋಗ್ತಾ ಇದ್ದೀರಾ?" ಎಂದು ಗದರಿಸಿದ. ಅತ್ತಿಗೆ "ತೆಗೀಬೇಡಿ" ಎನ್ನುವಷ್ಟರಲ್ಲಿ ಒಂದರ ಬಿರಟೆ ತಿರುಗಿಸಿ ಮೂಗಿನ ಹತ್ತಿರ ಹಿಡಿದೂ ಆಯಿತು. ಆಮೇಲೆ ಆತ ಮೂಗು ಮುಚ್ಚಿಕೊಂಡ. ಕೈಸನ್ನೆಯಲ್ಲೇ ಹೋಗಿ ಎಂದ. ಅತ್ತಿಗೆ ಹೋದರೆ ತಾನೆ? ಕೆಳಗಿಳಿದು, ಆತನ ಕೈಗೆ ಸೋಪು ಕೊಟ್ಟು, ಮೊಣಕೈವರೆಗೆ ತೊಳೆಸಿ, ಉಗುರಿನ ಸಂದಿ ಬಿಟ್ಟಿದ್ದೀಯಾ ಎಂದು ಬೈದು, ಆಮೇಲೆ ಗಾಡಿ ಹತ್ತಿದರು. ಆ ದಾರಿಯಲ್ಲಿ ಮುಂದೆ ನಮ್ಮ ಕಾರನ್ನು ಯಾರೂ ನಿಲ್ಲಿಸಲಿಲ್ಲ. ದೂರದಿಂದ ಕಂಡರೇ ಬ್ಯಾರಿಕೇಡು ಸರಿಸುತ್ತಿದ್ದರು, ಮಂತ್ರಿಗಳಿಗೆ ಸರಿಸುವ ಹಾಗೆ.

ಇಷ್ಟೆಲ್ಲ ನಗುತ್ತಲೇ ಹೇಳಿದೆ. ಆದರೆ ಅತ್ತಿಗೆಯ ಒಂದು ಗುಣ ನನಗೆ ಬಹಳ ದಿನ ಹಿಡಿಸಲಿಲ್ಲ. ಮಂಚೇನಹಳ್ಳಿಯ ಹತ್ತಿರ ಒಂದು ಮನೆಗೆ ಹೋದಾಗ ನಾವು ತಲುಪುವ ಮೊದಲೇ ಕರು ಸತ್ತಿತ್ತು. ಹಸು ಗೂಟದ ಸುತ್ತ ಸುತ್ತುತ್ತಾ ಕೂಗುತ್ತಿತ್ತು. ಮನೆಯವರು ಕರುವಿನ ಮೇಲೆ ಗೋಣಿತಾಟು ಹೊದಿಸಿದ್ದರು. ಅತ್ತಿಗೆ ತಾಟು ಸರಿಸಿದರು, ಬೇಕಾದದ್ದನ್ನು ಟ್ಯೂಬಿಗೆ ತೆಗೆದುಕೊಂಡರು, ತಾಟು ಮತ್ತೆ ಹೊದಿಸಿದರು.

"ಹೋದ ಮೇಲೆ ಜಾತಕ ಬರೆಸಿ ಏನಮ್ಮಾ ಬಂತು?" ಎಂದ ಮನೆಯಾತ.

"ಈ ಕರುವಿಗೆ ಏನೂ ಬರಲ್ಲ" ಎಂದರು ಅತ್ತಿಗೆ. "ಮುಂದಿನವಕ್ಕೆ ಲಸಿಕೆ ಮಾಡೋವಾಗ, ಈ ಕಡೆ ಓಡಾಡ್ತಿರೋ ವೈರಸ್ ಯಾವುದು ಅಂತ ಗೊತ್ತಿರಬೇಕು. ಇಲ್ದಿದ್ರೆ ಬೀಗ ಒಂದು, ಕೀಲಿ ಇನ್ನೊಂದು ಆಗುತ್ತೆ."

"ಯಾವಾಗ ಬರುತ್ತೆ ಆ ಲಸಿಕೆ?"

"ಗೊತ್ತಿಲ್ಲ. ವರ್ಷಗಳೇ ಹಿಡೀಬಹುದು."

ಸತ್ಯವೇ ಇರಬಹುದು. ಆದರೆ ಅಂಥ ಹೊತ್ತಿನಲ್ಲಿ ಅಷ್ಟು ಸಪಾಟಾಗಿ ಹೇಳುವ ಸತ್ಯವೇ? ಕಾರಿನಲ್ಲಿ ನಾನು ರೇಗಿಬಿಟ್ಟೆ. "ಒಂದು ಸಲ ಅಯ್ಯೋ ಅನ್ನಬಾರದಾ ಅತ್ತಿಗೆ? ಬಾಯಿಮಾತಿಗಾದ್ರೂ?"

"ಅಯ್ಯೋ ಅಂದ್ರೆ ಕೈ ನಡುಗುತ್ತೆ ಕಣೇ. ಕೈ ನಡುಗಿದ್ರೆ ಸ್ಯಾಂಪಲ್ ಹಾಳು" ಎಂದು ಗೇರ್ ಬದಲಿಸಿದರು.

ಕಲ್ಲು ಎಂದುಕೊಂಡೆ. ಮನೆಗೆ ಬಂದು ಅಮ್ಮನಿಗೂ ಹಾಗೇ ಹೇಳಿದೆ. ಅಮ್ಮ ಗಿಣ್ಣಿನ ಹಳೆಯ ದ್ವೇಷವಿದ್ದರೂ, "ಹಂಗನ್ಬೇಡ" ಎಂದಷ್ಟೇ ಹೇಳಿದರು.

ಹೋದ ಮಳೆಗಾಲದಲ್ಲಿ ಜಂಗಮಕೋಟೆಯಿಂದ ರತ್ನಮ್ಮ ಎನ್ನುವವರು ಅತ್ತಿಗೆಗೆ ಫೋನ್ ಮಾಡಿದರು. ಹಿಪ್ಪುನೇರಳೆ ತೋಟ, ರೇಷ್ಮೆಹುಳು, ಒಂದೆರಡು ಹಸು, ಗಂಡ ಹೆಂಡತಿ ಇಬ್ಬರೇ ಮಾಡಿಕೊಂಡಿರುವ ಸಂಸಾರ. ಅವರ ಮನೆಯ ಕರುವಿನ ಬಾಲವನ್ನು ಹಿಂದಿನ ವರ್ಷ ನಾನೇ ಹಿಡಿದಿದ್ದೆ. ಆ ಕರು ಉಳಿದಿರಲಿಲ್ಲ. ಈಗ ಹೊಸ ಕರುವಿಗೂ ಭೇದಿ ಹತ್ತಿದೆ ಎಂದರು. ಭಾನುವಾರ ಮಧ್ಯಾಹ್ನ ನಾವಿಬ್ಬರೂ ಹೋದೆವು.

ಕರು ಮಲಗಿತ್ತು. ಹುಟ್ಟಿ ವಾರವಾಗಿರಬಹುದು, ಹೆಣ್ಣುಗರು, ಹಣೆಯ ಮೇಲೆ ಬಿಳಿ ಚುಕ್ಕೆ. ಕಣ್ಣು ಗುಳಿಬಿದ್ದು ಒಳಕ್ಕೆ ಹೋಗಿದ್ದವು. ನಾನು ಅಭ್ಯಾಸಬಲದಿಂದ ಹಿಂದಕ್ಕೆ ಹೋಗಿ ಬಾಲ ಹಿಡಿದೆ.

ಅತ್ತಿಗೆ ಕರುವಿನ ಬಾಯಿಯೊಳಗೆ ಬೆರಳಿಟ್ಟರು. ಅದು ಚೀಪಲಿಲ್ಲ. ಬಾಯಿ ತಣ್ಣಗಿದೆ ಎಂದರು. ಕಿವಿ ಮುಟ್ಟಿದರು. ಕತ್ತಿನ ಚರ್ಮವನ್ನು ಎತ್ತಿ ಬಿಟ್ಟರು, ಎತ್ತಿದ ಮಡಿಕೆ ಹಾಗೆಯೇ ನಿಂತಿತು. "ಡಾಕ್ಟ್ರು?" ಎಂದರು.

"ಫೋನ್ ಮಾಡಿದ್ವಮ್ಮಾ. ದೂರದ ಹಳ್ಳೀಲಿ ಯಾವ್ದೋ ಹಸುಗೆ ಹೆರಿಗೆ ಕಷ್ಟ ಆಗೈತಂತೆ, ಅಲ್ಲವ್ರೆ. ಬರೋದು ಸಂಜೆ ಆಯ್ತದಂತೆ" ಎಂದರು ರತ್ನಮ್ಮ. "ಹೋದ ವರ್ಷದ್ದೂ ಹಿಂಗೇ ಮಲಗಿತ್ತಮ್ಮಾ."

"ಸಂಜೆ ತನಕ ಇರಲ್ಲ ಇದು."

ಅದನ್ನೂ ಅದೇ ಸಪಾಟು ದನಿಯಲ್ಲೇ ಹೇಳಿದರು. ಆಮೇಲೆ ಫೋನಿನಲ್ಲಿ ಡಾಕ್ಟರ ಹತ್ತಿರ ಮಾತಾಡಿ, ರತ್ನಮ್ಮನ ಗಂಡನಿಗೆ ಏನೇನು ತರಬೇಕೆಂದು ಹೇಳಿ ಔಷಧಿ ಅಂಗಡಿಗೆ ಓಡಿಸಿದರು. ನನ್ನ ಕಡೆ ತಿರುಗಿದರು.

"ಬಾಲ ಬಿಡು. ಬಂದು ತಲೆ ಹಿಡಿ."

ನಾನು ಮುಂದೆ ಬಂದೆ. ಇಷ್ಟು ದಿನದ ಸೇವೆಯಲ್ಲಿ ಅದೇ ನನಗೆ ಸಿಕ್ಕ ಮೊದಲ ಬಡ್ತಿ! ಆದರೆ ನಗು ಬರಲಿಲ್ಲ. ಗ್ಲೂಕೋಸು, ಸೂಜಿ ಎಲ್ಲ ಬಂತು. ಕರುವಿನ ಕತ್ತಿನ ರೋಮ ಬೋಳಿಸಿ, ನರ ಹುಡುಕುತ್ತಾ ಅತ್ತಿಗೆ ಸೂಜಿ ಹಿಡಿದರು. ಅವರ ಕೈ ನಡುಗುತ್ತಿತ್ತು. ಮೊದಲ ಸಲ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಮೂರನೆಯ ಸಲ ಸಿಕ್ಕಿತು. ಬಾಟಲಿಯನ್ನು ತೊಲೆಗೆ ಕಟ್ಟಿದೆವು. ಹನಿ ಬೀಳತೊಡಗಿತು.

ಅದೇ ಹೊತ್ತಿಗೆ ರತ್ನಮ್ಮನ ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಜ್ವರ ಎಂದರೆ ಹುಳು ಪೊರೆ ಕಳಚುವ ನಿದ್ದೆ. ಅದರಿಂದ ಎದ್ದ ಮೇಲೆ ಅವಕ್ಕೆ ಎಲ್ಲಿಲ್ಲದ ಹಸಿವು, ಸೊಪ್ಪು ಹಾಕದೆ ಇರುವಂತಿಲ್ಲ. ಗಂಡ ಹೆಂಡತಿ ಇಬ್ಬರೂ ಹುಳುಮನೆಗೂ ಕೊಟ್ಟಿಗೆಗೂ ಓಡಾಡಿ, ಕೊನೆಗೆ ಕರುವನ್ನು ನಮಗೇ ಬಿಟ್ಟರು. ಮೇಲೆ ಶೀಟಿನ ಮೇಲೆ ಮಳೆ, ಪಕ್ಕದ ಹುಳುಮನೆಯಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು. ಎರಡೂ ಒಂದೇ ಥರ ಕೇಳುತ್ತಿದ್ದವು. ಕರುವಿನ ತಲೆ ಅತ್ತಿಗೆಯ ತೊಡೆಯ ಮೇಲಿತ್ತು. ಅದು ಕಣ್ಣು ಬಿಟ್ಟುಕೊಂಡು ಅವರನ್ನೇ ನೋಡುತ್ತಿತ್ತು.

"ನಾನು ಯಾಕೆ ಡಾಕ್ಟರ್ ಕೆಲಸ ಬಿಟ್ಟೆ ಗೊತ್ತಾ?" ಎಂದರು ಅತ್ತಿಗೆ, ನಾನು ಕೇಳದೆಯೇ. "ಕೆಲಸಕ್ಕೆ ಸೇರಿದ ಮೊದಲನೇ ಮಳೆಗಾಲ. ಒಂದೇ ಊರಲ್ಲಿ ಕರುಗಳು ಒಂದರ ಹಿಂದೆ ಒಂದು ಹೋದ್ವು. ಗೊತ್ತಿದ್ದಿದ್ದೆಲ್ಲಾ ಮಾಡಿದೆ. ನಿಲ್ಲಲಿಲ್ಲ. ಕರು ಸಾಯೋವಾಗ ಹಿಂಗೇ ನೋಡ್ತಾ ಇರುತ್ತೆ ಕಣೇ, ಕೊನೇವರೆಗೂ. ನನ್ನ ಕೈಲಾಗಲಿಲ್ಲ." ಕರುವಿನ ಹಣೆಯ ಚುಕ್ಕೆಯನ್ನು ಹೆಬ್ಬೆರಳಿನಿಂದ ತೀಡಿದರು. "ವೈರಸ್ಸಿಗೆ ಕಣ್ಣಿರಲ್ಲ. ಅದಕ್ಕೇ ಅದನ್ನ ಓದಕ್ಕೆ ಹೋದೆ."

ಬಾಟಲಿ ಬದಲಿಸಿದೆವು. ಮಳೆ ಕಡಿಮೆಯಾಯಿತು. ಕರುವಿನ ಕಿವಿ ಮುಟ್ಟಿ ನೋಡಿದೆ, ಬೆಚ್ಚಗಾಗಿತ್ತೋ ನನಗೆ ಹಾಗೆನ್ನಿಸಿತೋ. ಅಷ್ಟರಲ್ಲಿ ಅತ್ತಿಗೆ ಚೀರಿಕೊಂಡರು. ಹಾವೇನಾದರೂ ಬಂತೇ ಎಂದು ನಾನು ಹೌಹಾರಿದೆ.

"ಗಂಜಲ! ಗಂಜಲ ಹಾಕ್ತು ಕಣೇ!"

ಅವರ ಸೀರೆಯೆಲ್ಲ ಒದ್ದೆ. ಒಣಗಿದ ದೇಹಕ್ಕೆ ನೀರು ಸೇರಿದೆ ಎನ್ನುವುದರ ಗುರುತಂತೆ ಅದು. ಅವರು ಒಟ್ಟೊಟ್ಟಿಗೆ ನಗುತ್ತಲೂ ಇದ್ದರು, ಅಳುತ್ತಲೂ ಇದ್ದರು. ಬೆರಳನ್ನು ಮತ್ತೆ ಕರುವಿನ ಬಾಯಿಗೆ ಕೊಟ್ಟರು. ಅದು ಒಮ್ಮೆ ಚೀಪಿತು. ಬಿಟ್ಟಿತು. ಮತ್ತೆ ಚೀಪಿತು. ಸ್ವಲ್ಪ ಹೊತ್ತಿಗೆ ಮುಂಗಾಲು ಊರಿ, ಮುಗ್ಗರಿಸಿ, ನಾವು ಎಬ್ಬಿಸುವಷ್ಟರಲ್ಲಿ ತಾನೇ ಎದ್ದು, ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಹಾಕಿಕೊಂಡು ನಿಂತಿತು. ಹಸು ಗೂಟದ ಹಗ್ಗವನ್ನು ಜಗ್ಗಿ ಅಂಬಾ ಎಂದಿತು.

ಆ ಸದ್ದಿಗೆ ರತ್ನಮ್ಮ ಹುಳುಮನೆಯಿಂದ ಓಡಿ ಬಂದರು, ಕೈಯಲ್ಲಿ ಇನ್ನೂ ಹಿಪ್ಪುನೇರಳೆ ಸೊಪ್ಪು. ನಿಂತ ಕರುವನ್ನು ನೋಡಿದರು. ಆಮೇಲೆ, ಮೂಗು ಕಣ್ಣು ಒಂದು ಮಾಡಿಕೊಂಡು, ಗಂಜಲ ಸಗಣಿಯಲ್ಲಿ ತೊಯ್ದು ನಿಂತಿದ್ದ ನಮ್ಮತ್ತಿಗೆಯನ್ನು ನೋಡಿದರು. ಸೊಪ್ಪನ್ನು ಕೆಳಗೆ ಹಾಕಿ ಹತ್ತಿರ ಬಂದರು. ತಮ್ಮ ಸೆರಗಿನ ತುದಿಯಿಂದ ಅತ್ತಿಗೆಯ ಹಣೆ ಒರೆಸಿದರು, ಕೆನ್ನೆ ಒರೆಸಿದರು, ಮೂಗು ಒರೆಸಿದರು.

ಅತ್ತಿಗೆ ಕಣ್ಣು ಮುಚ್ಚಿಕೊಂಡು, ಚಿಕ್ಕ ಮಗುವಿನ ಹಾಗೆ ಮುಖ ಒಡ್ಡಿ ನಿಂತಿದ್ದರು.